ಮೇಜಿನ ಮೇಲೆ ಇಟ್ಟುಹೋದದ್ದು

"ಇಲ್ಲಿದ್ದದ್ದು ಏನಾತು?" ಎಂದ ರುದ್ರಪ್ಪ.

ಟ್ರಂಕಿನೊಳಗೆ ಸೀರೆ ಮಡಿಚಿಡುತ್ತಿದ್ದ ಅಕ್ಕ ಲಕ್ಷ್ಮವ್ವ ತಲೆ ಎತ್ತಿದಳು. ರುದ್ರಪ್ಪನ ಹೆಂಡತಿ ನೀಲಾಂಬಿಕೆ ತೀರಿಹೋಗಿ, ಅವಳ ಗಣಾರಾಧನೆ ಹಿಂದಿನ ದಿನವಷ್ಟೇ ಮುಗಿದಿತ್ತು. ಸಂಜೆಯ ಗಾಡಿಗೆ ಲಕ್ಷ್ಮವ್ವ ಗದಗಿಗೆ ಹೊರಟಿದ್ದಳು. ರುದ್ರಪ್ಪ ಕಿಟಕಿಯ ಪಕ್ಕದ ಮೇಜಿನ ಮುಂದೆ ನಿಂತು ಅದರ ಒಂದು ಮೂಲೆಯನ್ನು ಅಂಗೈಯಿಂದ ಸವರುತ್ತಿದ್ದ.

"ಎಲ್ಲಿದ್ದದ್ದು?"

"ಇಲ್ಲಿ. ಈ ಮೂಲ್ಯಾಗ. ಏನರ ಇತ್ತಲ್ಲ?"

"ನಿನ್ನ ಪೇಪರ ಇದ್ದವು, ಶಾಯಿ ದೌತಿ ಇತ್ತು. ಎಲ್ಲಾ ಗ್ವಾಡಿ ಮಾಡದಾಗ ತಗದಿಟ್ಟೀನಿ. ಮಂದಿ ಬರೋರಿದ್ರು, ಕುಂದರಲಿಕ್ಕೆ ಜಾಗಾ ಬೇಕಾಗಿತ್ತು. ಮೇಜು ಹೊರಗ ಹಾಕಿಸಿದ್ದೆ."

"ಅವಲ್ಲ. ನೀಲಾ ಇಟ್ಟದ್ದು."

"ಏನಿಟ್ಟಿದ್ಲು?"

ರುದ್ರಪ್ಪ ಬಗ್ಗಿ ಮೇಜಿನ ಕೆಳಗೆ ನೋಡಿದ. ಲಕ್ಷ್ಮವ್ವ ಸೀರೆಯನ್ನು ಒತ್ತಿ ಒಳಗಿಟ್ಟಳು.

"ಏನೋ ಕಸಾ ಇತ್ತಪ್ಪಾ. ಜಾಡಿಸಿ ಒಗದೆ. ಏನಂತ ನೋಡೂ ಹೊತ್ತೇನ ಅದು, ರುದ್ರಾ? ಮನ್ಯಾಗ ಅಂಥಾದ್ದು ಆಗಿತ್ತು."

ರುದ್ರಪ್ಪ ಸದರ್ ಎಂಬ ಪೇಟೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ. ರೈಲ್ವೆಯಲ್ಲಿದ್ದ ಸೋದರಮಾವನ ಬೆನ್ನು ಹಿಡಿದು ಗದಗಿನಿಂದ ನಾಗಪುರಕ್ಕೆ ಬಂದಾಗ ಅವನಿಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ. ದೊಡ್ಡ ಚಿತ್ರಗಾರನಾಗುತ್ತೇನೆಂದುಕೊಂಡು ಮುಂಬಯಿಗೆ ಹೋಗಿ ಪರೀಕ್ಷೆಗಳನ್ನು ಕಟ್ಟಿ ಬಂದ. ಕೊನೆಗೆ ಕರಿಹಲಗೆಯ ಮೇಲೆ ಶಂಕು, ಸಿಲಿಂಡರು, ಮಾವಿನೆಲೆ ಬರೆದು ತೋರಿಸುವ ಕೆಲಸಕ್ಕೆ ನಿಂತ. ಮದುವೆಯಾಯಿತು, ಮಗಳು ಪ್ರಭಾ ಹುಟ್ಟಿದಳು. ಮನೆಯಲ್ಲಿ ಚಿತ್ರ ಬರೆಯುವುದು ಯಾವಾಗ ನಿಂತಿತೆಂದು ಅವನಿಗೇ ಗೊತ್ತಾಗಲಿಲ್ಲ. ಶಾಲೆಯಿಂದ ಬಂದು ಕೋಟನ್ನು ಗೂಟಕ್ಕೆ ಸಿಕ್ಕಿಸಿ ಹೊರಸಿನ ಮೇಲೆ ಬಿದ್ದುಕೊಂಡರೆ ಊಟಕ್ಕೇ ಏಳುತ್ತಿದ್ದ.

ಒಂದು ಬೇಸಿಗೆಯಲ್ಲಿ ನೀಲಾಂಬಿಕಾ ಕೇಳಿದಳು. "ಯಾಕ್ರೀ, ಈಗ ಏನೂ ಬರಿಯೂದ ಇಲ್ಲಲ್ಲ?"

"ಏನ ಬರೀಲಿ? ಈ ಊರಾಗ ಏನೈತಿ? ಬಿಸಲು, ಧೂಳಿ, ಟಾಂಗಾ."

ಮರುದಿನ ಬೆಳಿಗ್ಗೆ ಚಹದ ಜೊತೆ ಬಿರುಕು ಬಿಟ್ಟ ಮರದ ಸೌಟೊಂದನ್ನು ತಂದು ಮೇಜಿನ ಮೂಲೆಗಿಟ್ಟಳು.

"ಇದರ ಬಿರುಕು ನೋಡ್ರಿ. ಮ್ಯಾಲಿಂದ ಸಣ್ಣಗ ಬಂದು ಇಲ್ಲೆ ಎರಡಾಗೇತಿ, ಹಳ್ಳ ಕವಲು ಒಡದಂಗ. ಇದನ್ನ ಬರೀರಿ."

ರುದ್ರಪ್ಪ ನಕ್ಕುಬಿಟ್ಟ. ಚಹಾ ಕುಡಿಯುವಾಗ ಎದುರಿಗೇ ಇದ್ದದ್ದರಿಂದ ಅದನ್ನು ನೋಡಿದ. ನಿಜವಾಗಿಯೂ ಹಳ್ಳದ ಹಾಗೆಯೇ ಇತ್ತು. ಕೈಗೆ ಸಿಕ್ಕ ಹಳೆಯ ಪರೀಕ್ಷಾ ಪೇಪರಿನ ಹಿಂಬದಿಗೆ ಗೀಚತೊಡಗಿದವನು ಅಂದು ಶಾಲೆಗೆ ಪ್ರಾರ್ಥನೆ ಮುಗಿದ ಮೇಲೆ ಹೋದ.

ಅಲ್ಲಿಂದ ಅದು ನಿತ್ಯದ ರೂಢಿಯಾಯಿತು. ಚಹದ ಜೊತೆ ಅವಳ ಕೈಯಲ್ಲಿ ಏನಾದರೊಂದು ಇರುತ್ತಿತ್ತು. ಹಣ್ಣಾಗಿ ಬಾಯಿ ಬಿಟ್ಟ ಹಾಗಲಕಾಯಿ, ಟಾಂಗಾದ ಗಾಲಿ ಹಾದು ಚಪ್ಪಟೆಯಾದ ಡಬ್ಬಿಯ ಮುಚ್ಚಳ, ಎಲ್ಲೂ ಹರಿಯದಂತೆ ಒಂದೇ ಸುರುಳಿಯಾಗಿ ಬಿಡಿಸಿದ ಸಂತ್ರೆಯ ಸಿಪ್ಪೆ. ಒಮ್ಮೆ ಕೂದಲೊಂದು ಅಂಟಿಕೊಂಡ ಸಬಕಾರದ ಚೂರನ್ನೂ ತಂದಿಟ್ಟಿದ್ದಳು. "ಕೂದಲ ತಗೀಬ್ಯಾಡ್ರಿ ಮತ್ತ, ಕೂದಲದಾಗ ಐತಿ ಅದರ ಮಜಾ" ಎಂದಿದ್ದಳು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಒಂದು ಗೆರೆ ಎಳೆದವಳೂ ಅಲ್ಲ. ಹುಣಸೆಯ ಕಡ್ಡಿಗಳನ್ನು ಡಬ್ಬಿಯಲ್ಲಿ ಮುಚ್ಚಿ ಒಲೆಯ ಕೆಂಡದಲ್ಲಿಟ್ಟು, ಅವನಿಗೆ ಬರೆಯಲು ಇದ್ದಿಲ ಕಡ್ಡಿ ಮಾಡಿಕೊಡುತ್ತಿದ್ದಳು. ಬರೆದದ್ದನ್ನು ಸಂಜೆ ನೋಡಿ, ಚಂದ ಐತಿ, ಇಲ್ಲ ಎನ್ನುತ್ತಿರಲಿಲ್ಲ. "ಹೂಂ, ಇದು ಎದ್ದು ಕುಂತೈತಿ" ಎನ್ನುವಳು. ಇಲ್ಲವೇ, "ಇದಕ್ಕ ಇನ್ನಾ ನಿದ್ದಿ ಹರದಿಲ್ಲ" ಎನ್ನುವಳು. ಎರಡನೆಯ ಮಾತು ಬಂದ ದಿನ ರುದ್ರಪ್ಪ ಮುನಿಸಿಕೊಂಡು ಉಣ್ಣುತ್ತಿದ್ದ. ಮತ್ತೆ ಬರೆಯುತ್ತಿದ್ದ.

ಗೆಳೆಯರ ಒತ್ತಾಯಕ್ಕೆ ಸೀತಾಬರ್ಡಿಯ ಒಂದು ಸಭಾಗೃಹದಲ್ಲಿ ಆ ಚಿತ್ರಗಳ ಪ್ರದರ್ಶನವೂ ಆಯಿತು. ವಕೀಲರು, ಕಾಲೇಜಿನ ಪ್ರೊಫೆಸರರು ಬಂದರು. "ಮಾಸ್ತರ್, ಕಣ್ಣು ಅಂದ್ರೆ ನಿಮ್ಮದು" ಎಂದರು. ಇಂಥ ವಸ್ತುಗಳು ನಿಮಗೆಲ್ಲಿ ಸಿಗುತ್ತವೆಂದು ಒಬ್ಬರು ಕೇಳಿದಾಗ ರುದ್ರಪ್ಪ ಸಂಕೋಚದಿಂದ, "ಎಲ್ಲಿ ಅಂದರೆ ಏನು, ಮನೆಯಲ್ಲಿ ಅಲ್ಲಿ ಇಲ್ಲಿ ಬಿದ್ದಿರುತ್ತವೆ" ಎಂದು ಹಿಂದಿಯಲ್ಲಿ ಹೇಳಿದ. ನೀಲಾಂಬಿಕಾ ಗೋಡೆಗೆ ಆತು ನಿಂತಿದ್ದಳು. ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿದಳು. ಆ ಕ್ಷಣಕ್ಕೆ ಅವನಿಗೆ ಅದರಲ್ಲೇನೂ ಕಾಣಲಿಲ್ಲ.

ಈ ಚಳಿಗಾಲದಲ್ಲಿ, ಆರು ತಿಂಗಳ ಪರೀಕ್ಷೆಯ ಪೇಪರುಗಳು ಮೇಜಿನ ತುಂಬ ಬಿದ್ದಿದ್ದ ಒಂದು ಬೆಳಿಗ್ಗೆ, ಅವಳು ಎಂದಿನಂತೆ ಬಂದಳು. ಹೆಡ್‌ಮಾಸ್ತರರು ಮಾರ್ಕು ಬೇಗ ಬೇಕೆಂದು ಹೇಳಿಕಳಿಸಿದ್ದರು. ಅವನು ತಗ್ಗಿಸಿದ ತಲೆ ಎತ್ತಲಿಲ್ಲ. ಬಲಗಡೆ ಬಟ್ಟಲು ಇಟ್ಟ ಸದ್ದಾಯಿತು. ಆಮೇಲೆ ಇನ್ನೇನೋ ಇಟ್ಟ ಸಣ್ಣ ಸದ್ದು. ಅವಳು ನಿಂತಿದ್ದಳು, ಏನೋ ಹೇಳುವವಳಿದ್ದಳು.

"ಇರಲಿ, ಆಮ್ಯಾಲೆ ನೋಡ್ತೀನಿ" ಎಂದ ರುದ್ರಪ್ಪ.

ಬಳೆಯ ಸದ್ದು ಅಡುಗೆಮನೆಯ ಕಡೆ ಹೋಯಿತು. ಅವನು ಪೇಪರು ಕಟ್ಟಿಕೊಂಡು ಶಾಲೆಗೆ ಹೋದ. ಮಧ್ಯಾಹ್ನ ಕ್ಲಾಸಿನ ಬಾಗಿಲಿಗೆ ಪಕ್ಕದ ಮನೆಯ ವತ್ಸಲಾಳ ಗಂಡ ಬಂದು ನಿಂತಿದ್ದ. ನೀಲಾಂಬಿಕಾ ಹೊಟ್ಟೆ ಹಿಡಿದುಕೊಂಡು ಬಚ್ಚಲಲ್ಲಿ ಬಿದ್ದಿದ್ದಳು, ಟಾಂಗಾದಲ್ಲಿ ಆಸ್ಪತ್ರೆಗೆ ಒಯ್ದಿದ್ದರು. ಕರುಳಿನ ಗಂಟು ಒಳಗೇ ಒಡೆದಿದೆ, ನೋವು ಬಹಳ ದಿನದಿಂದ ಇದ್ದಿರಬೇಕು ಎಂದರು ಡಾಕ್ಟರು.

ಆಪರೇಷನ್ ಆದ ಮರುದಿನದ ಸಂಜೆ ಅವಳಿಗೆ ಎಚ್ಚರವಿತ್ತು. ತುಟಿ ಒಣಗಿದ್ದವು. ಪ್ರಭಾ ಹತ್ತಿಯನ್ನು ನೀರಿನಲ್ಲಿ ಅದ್ದಿ ಒತ್ತುತ್ತಿದ್ದಳು. ರುದ್ರಪ್ಪ ಮಂಚದ ಪಕ್ಕ ಬಂದು ಅವಳ ಕೈ ಹಿಡಿದುಕೊಂಡ.

"ಬರದ್ರೇನು?" ಎಂದಳು.

ಏನೆಂದು ಅವನಿಗೆ ತಕ್ಷಣ ತಿಳಿಯಲಿಲ್ಲ. ತಿಳಿದಾಗ, "ಹೂಂ, ಬರದೆ" ಎಂದ.

"ಹೆಂಗ ಬಂತು?"

"ಚಲೋ ಬಂತು. ಎದ್ದು ಕುಂತೈತಿ."

ಅವಳು ನಕ್ಕಂತೆ ಮಾಡಿ ಅವನ ಬೆರಳುಗಳನ್ನು ತನ್ನ ಬೆರಳಿನಿಂದ ಒಂದೊಂದಾಗಿ ಸವರಿದಳು. ಡಾಕ್ಟರು ಕರೆದರೆಂದು ಅವನು ಹೊರಗೆ ಹೋದ. ಮರುದಿನ ನಸುಕಿನಲ್ಲಿ ನೀಲಾಂಬಿಕಾ ತೀರಿಹೋದಳು.

ಲಕ್ಷ್ಮವ್ವನನ್ನು ಗಾಡಿಗೆ ಹತ್ತಿಸಿ ಬಂದ ಮೇಲೆ ರುದ್ರಪ್ಪ ಮನೆಯೊಳಗೆ ಹೋಗಲಿಲ್ಲ. ಹಿತ್ತಲಿನ ಗೋಡೆಯಾಚೆ ಓಣಿಯವರೆಲ್ಲ ಕಸ ಹಾಕುವ ತೊಟ್ಟಿಯಿತ್ತು. ಮುನಸಿಪಾಲಿಟಿಯ ಗಾಡಿ ಬಂದು ಹೋಗಿ ಎಷ್ಟೋ ದಿನವಾಗಿತ್ತು, ಹೊಸ ಕಸ ಬಿದ್ದಿತ್ತು. ಕೋಲಿನಿಂದ ಕೆದಕಿದ. ಆಮೇಲೆ ಕೋಲು ಬಿಟ್ಟು ಕೈ ಹಾಕಿದ. ಬೂದಿ, ಪಾವಟೆ ಕಾಳಿನ ಸಿಪ್ಪೆ, ಮುರಿದ ಮಣ್ಣಿನ ಪಣತಿ, ಯಾರದೋ ಚಪ್ಪಲಿಯ ಉಂಗುಟ. ಪ್ರತಿಯೊಂದನ್ನೂ ಎತ್ತಿ ತಿರುಗಿಸಿ ನೋಡುತ್ತಿದ್ದ. ಪಣತಿಯೇ ಇರಬಹುದೇ? ಉಂಗುಟವೇ ಇರಬಹುದೇ? ಯಾವುದನ್ನು ಹಿಡಿದರೂ ಇದೇ ಇರಬಹುದೆನ್ನಿಸುತ್ತಿತ್ತು. ಮರುಕ್ಷಣ, ಅಲ್ಲವೆನ್ನಿಸುತ್ತಿತ್ತು.

"ಭಾವೂಜಿ, ಕಾಯ ಹರವಲಂ? ಏನು ಕಳಕೊಂಡ್ರಿ?" ಎಂದು ವತ್ಸಲಾ ತನ್ನ ಮನೆಯ ಹಿಂಬಾಗಿಲಿನಿಂದ ಕೂಗಿದಳು. ಗದಗಿನವರ ಪಕ್ಕದಲ್ಲಿದ್ದು ಅವಳಿಗೆ ಕನ್ನಡ ಅರ್ಧಮರ್ಧ ಬರುತ್ತಿತ್ತು.

ಅವನು ಕೇಳಿದ. ಅಂದು ಬೆಳಿಗ್ಗೆ ನೀಲಾಳ ಕೈಯಲ್ಲಿ ಏನಾದರೂ ನೋಡಿದ್ದಳೇ?

ವತ್ಸಲಾ ಯೋಚಿಸಿದಳು. "ನಳದ ಹತ್ರ ನಿಂತಿದ್ರು ಖರೆ. ಅವರ ಕೊಡಾ ತುಂಬಿ ಹೊರಗ ಹರೀತಿತ್ತು, ಅವರಿಗೆ ಲಕ್ಷ್ಯನೇ ಇಲ್ಲ. ಮುಠ್ಠಿಯೊಳಗ ಏನೋ ಹಿಡಕೊಂಡು ಸೂರ್ಯಾನ ಬೆಳಕಿಗೆ ಹಿಡಿದು ನೋಡ್ತಿದ್ರು. ನಾ, ‘ನೀಲಾತಾಯಿ, ಪಾಣಿ! ನೀರು!’ ಅಂದೆ. ನಕ್ಕು ಮುಠ್ಠಿ ಮುಚ್ಚಿದ್ರು."

"ಮುಠ್ಠಿಯೊಳಗ ಹಿಡಿಸೂ ಅಂಥಾದ್ದಾ?"

"ಹೋ. ಲಹಾನ್. ಸಣ್ಣದು." ಒಳಗೆ ತಿರುಗಿದವಳು ಮತ್ತೆ ನಿಂತು ಹೇಳಿದಳು. "ಇನ್ನೊಂದು ಕೈ ಹೊಟ್ಟಿ ಮ್ಯಾಲಿತ್ತು, ಭಾವೂಜಿ. ನಾ ಕೇಳಬೇಕಿತ್ತು."

ಕೆಲವು ದಿನಗಳ ನಂತರ ರುದ್ರಪ್ಪ ಬೆಳಿಗ್ಗೆ ಎದ್ದು ಬಂದಾಗ ಮೇಜಿನ ಮೂಲೆಯಲ್ಲಿ ಒಂದು ಕಂಚಿನ ಗಂಟೆ ಇತ್ತು. ಪೂಜೆಯ ಗಂಟೆ. ಹುಳಿ ಹಾಕಿ ಲಕಲಕ ಬೆಳಗಲಾಗಿತ್ತು. ಪಕ್ಕದಲ್ಲಿ ಚಹಾ. ಪ್ರಭಾ ಬಾಗಿಲಲ್ಲಿ ನಿಂತಿದ್ದಳು. ಕಾಲೇಜಿಗೆ ಸೇರಿ ಆರು ತಿಂಗಳೂ ಆಗಿರದ ಹುಡುಗಿ. ಮನೆಯಲ್ಲಿ ಆಡುವ ಕನ್ನಡ ಬಿಟ್ಟರೆ ಉಳಿದದ್ದೆಲ್ಲ ಅವಳಿಗೆ ಮರಾಠಿ.

"ತಗೀ ಅದನ್ನ" ಎಂದ ರುದ್ರಪ್ಪ.

"ಯಾಕ? ಸುಂದರ ಆಹೆ ಅಂತ ಇಟ್ಟೆ, ಅಪ್ಪಾ."

"ತಗೀ ಅಂದೆ."

ಅವಳು ಗಂಟೆಯನ್ನು ಎತ್ತಿಕೊಂಡಳು. ಅದು ಒಮ್ಮೆ ಬಾರಿಸಿತು. ನಾಲಿಗೆಯನ್ನು ಬೆರಳಿನಿಂದ ಹಿಡಿದು ಸುಮ್ಮನಾಗಿಸಿ ಅಲ್ಲೇ ಅಳತೊಡಗಿದಳು.

"ಮಲಾ ನಾಹಿ ಜಮತ, ಅಪ್ಪಾ. ನನಗ ಬರೂದಿಲ್ಲ. ಅವ್ವ ಏನ ಇಡತಿದ್ಲು, ಹೆಂಗ ಹುಡುಕತಿದ್ಲು, ನನಗ ಎಂದೂ ಹೇಳಲಿಲ್ಲ. ನೀ ದಿನಾ ಎಲ್ಲಾರನ್ನೂ ಅದನ್ನ ಕೇಳಕೋತ ಅಡ್ಡಾಡತಿ. ಆ ವಸ್ತು, ಆ ವಸ್ತು. ಅವ್ವ ಹೋಗ್ಯಾಳ. ನನ್ನ ಕೂಡ ಆಕಿದು ಒಂದು ಮಾತರ ಆಡಿಯೇನು?"

ರುದ್ರಪ್ಪ ಕುರ್ಚಿಯ ಮೇಲೆ ಕುಳಿತ.

"ನಾ ಆಕೀಗೆ ಸುಳ್ಳು ಹೇಳಿದೆ, ಪ್ರಭಾ. ದವಾಖಾನ್ಯಾಗ. ಬರದೇನಿ ಅಂತ ಹೇಳಿದೆ. ಬರದಿದ್ದಿಲ್ಲ. ತಲಿ ಎತ್ತಿ ನೋಡಿದ್ದೂ ಇಲ್ಲ."

"ಗೊತ್ತಿತ್ತು ಆಕೀಗೆ."

ಅವನು ಮಗಳ ಮುಖ ನೋಡಿದ.

"ನೀ ಡಾಕ್ಟರ ಕಡೆ ಹೋದ್ಯಲ್ಲ, ಆವಾಗ ಹೇಳಿದ್ಲು. ನಿಮ್ಮಪ್ಪ ಬರದಿಲ್ಲ, ಬರದಿದ್ರ ಬೆರಳಿಗೆ ಮಸಿ ಹತ್ತಿರತಿತ್ತು, ಅಂದ್ಲು. ನಕ್ಕೋತ ಅಂದ್ಲು." ಪ್ರಭಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ನ ನೋಡಿ ಹೆದರ್ಯಾರ, ಪಾಪ, ಅದಕ್ಕ ಹಂಗಂದ್ರು, ಅಂದ್ಲು."

"ಏನಿಟ್ಟಿದ್ಲು ಅಂತ ಹೇಳಿದ್ಲೇನು?"

"ನಾ ಕೇಳಲಿಲ್ಲ. ಆಕೀಗೆ ನೀರು ಬೇಕಾಗಿತ್ತು."

ರುದ್ರಪ್ಪ ತನ್ನ ಎರಡೂ ಕೈಗಳನ್ನು ಮೊಣಕಾಲಿನ ನಡುವೆ ಇಟ್ಟುಕೊಂಡ. ಚಹದ ಮೇಲೆ ಕೆನೆ ಕಟ್ಟಿತು. ಪ್ರಭಾ ಗಂಟೆಯನ್ನು ದೇವರ ಮಾಡದಲ್ಲಿಟ್ಟು ಬಂದು, ಅಪ್ಪನ ಹೆಗಲ ಮೇಲೆ ಕೈಯಿಡಲು ಹೋಗಿ, ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದಳು.

ಆ ಭಾನುವಾರ ಅವನು ಮೊದಲ ಸಲ ಒಬ್ಬನೇ ಚೀಲ ಹಿಡಿದು ಸದರಿನ ಪೇಟೆಗೆ ಹೋದ. ಯಾವ ಕಾಯಿಪಲ್ಲೆಯನ್ನು ಎಷ್ಟು ತರಬೇಕೆಂದು ಕೂಡ ಅವನಿಗೆ ಗೊತ್ತಿರಲಿಲ್ಲ. ಸಾಲಿನ ಕೊನೆಯಲ್ಲಿ ಗೋಣಿತಾಟಿನ ಮೇಲೆ ಬದನೆ, ಹೀರೆ ಹರಡಿಕೊಂಡು ಕುಳಿತಿದ್ದ ಮುದುಕಿ ಠಮಾಬಾಯಿ ಅವನನ್ನು ಗುರುತಿಸಿದಳು. ಯಾರೋ ಸುದ್ದಿ ಹೇಳಿದ್ದರು. ಅವಳು ಮರಾಠಿಯಲ್ಲಿ, ಬಾಯಿಗೆ ಸೆರಗು ಹಿಡಿದುಕೊಂಡು, ಮೆಲ್ಲಗೆ ಮಾತಾಡಿದಳು.

"ನಿಮ್ಮ ಮನೆಯವರು ಬಂದರೆ ನನ್ನ ಬುಟ್ಟಿ ಪೂರಾ ಕೆಳಮೇಲಾಗುತ್ತಿತ್ತು, ಮಾಸ್ತರ್. ಬೇರೆಯವರು ನೆಟ್ಟಗಿನದನ್ನು ಆರಿಸುತ್ತಾರೆ. ಇವರಿಗೆ ಸೊಟ್ಟಗಿನದು ಬೇಕು. ಮೊದಮೊದಲು ನಾನು, ಇವಳಿಗೆ ತಲೆ ಸರಿಯಿಲ್ಲ ಅಂದುಕೊಂಡಿದ್ದೆ. ಕೇಳಿದರೆ, ನಮ್ಮ ಯಜಮಾನರಿಗೆ ನೆಟ್ಟಗಿರೋದು ಕಣ್ಣಿಗೇ ಕಾಣೋದಿಲ್ಲ, ಠಮಾಬಾಯಿ, ಅಂತ ನಗುತ್ತಿದ್ದರು. ಆಮೇಲೆ ನಾನೇ ತೋಟದಿಂದ ಬರುವಾಗ ಅಂಥದ್ದನ್ನು ಹುಡುಕಿ ಬದಿಗಿಡುತ್ತಿದ್ದೆ."

ರುದ್ರಪ್ಪ ಕುಕ್ಕುರುಗಾಲಿನಲ್ಲಿ ಅವಳೆದುರು ಕುಳಿತುಕೊಂಡ.

"ದಿನಾ ಸಿಗುತ್ತಿತ್ತೇನು?"

"ಎಲ್ಲಿ ಸಿಗಬೇಕು! ಎಷ್ಟೋ ದಿನ ಏನೂ ಕೊಳ್ಳುತ್ತಿರಲಿಲ್ಲ. ಈ ತುದಿಯಿಂದ ಆ ತುದಿ, ಕಸಾಯಿ ಅಂಗಡಿ ಹಿಂದೆ, ಕಮ್ಮಾರರ ಹತ್ತಿರ, ನೆಲ ನೋಡುತ್ತ ತಿರುಗುತ್ತಿದ್ದರು. ಬಿಸಿಲು ನೆತ್ತಿಗೇರಿದರೂ ತಿರುಗುತ್ತಿದ್ದರು. ಬಂದು ನನ್ನ ಹತ್ತಿರ ನೀರು ಕೇಳಿ ಕುಡಿದು, ಇವತ್ತು ಏನೂ ಸಿಗಲಿಲ್ಲ ಬಾಯಿ, ನಾಳೆ ಅವರಿಗೆ ಏನು ಇಡಲಿ, ಅನ್ನುತ್ತಿದ್ದರು. ಮುಖ ಇಷ್ಟೇ ಇಷ್ಟು ಆಗಿರುತ್ತಿತ್ತು." ಠಮಾಬಾಯಿ ಬೆರಳುಗಳನ್ನು ಕೂಡಿಸಿ ತೋರಿಸಿದಳು. "ನೀವೇನು ಬಹಳ ಸಿಟ್ಟಿನವರೇ?"

"ಇಲ್ಲ," ಎಂದ ರುದ್ರಪ್ಪ. ಆಮೇಲೆ, "ನನಗ ಗೊತ್ತಿದ್ದಿಲ್ಲ" ಎಂದು ಕನ್ನಡದಲ್ಲೇ ಹೇಳಿದ. ಅವಳಿಗೆ ಅದು ತಿಳಿಯಲಿಲ್ಲ. ಅಂದು ಬೆಳಿಗ್ಗೆಯ ವಿಷಯ ಕೇಳಬೇಕೆಂದು ಬಂದವನು ಕೇಳದೆ ಎದ್ದ. ಅವಳು ಚೀಲಕ್ಕೆ ತಾನೇ ಏನೇನೋ ತುಂಬಿ ಕೊಟ್ಟಳು.

ಮನೆಯ ಕಡೆ ತಿರುಗದೆ ಅವನು ನಡೆಯುತ್ತ ಹೋದ. ಸದರಿನ ಅಂಗಡಿಗಳು ಮುಗಿದು ಸಿವಿಲ್ ಲೈನ್ಸಿನ ಅಗಲವಾದ ರಸ್ತೆ ಬಂತು. ನೆಲ ನೋಡುತ್ತಲೇ ನಡೆದ. ನೆಲದಲ್ಲಿ ಬೇವಿನ ಒಣ ಎಲೆ, ಕುದುರೆಯ ಲದ್ದಿ, ಸಿಗರೇಟಿನ ಪಾಕೀಟು ಇದ್ದವು. ಒಂದೆರಡು ಸಲ ಬಗ್ಗಿ ಏನನ್ನೋ ಎತ್ತಿಕೊಂಡು ಮತ್ತೆ ಬಿಟ್ಟ. ಅವಳು ಏನನ್ನು ನೋಡಿ ನಿಲ್ಲುತ್ತಿದ್ದಳು, ಏನನ್ನು ದಾಟಿ ಹೋಗುತ್ತಿದ್ದಳು ಎನ್ನುವುದು ಅವನ ತಲೆಗೆ ಹತ್ತಲಿಲ್ಲ.

ಮಧ್ಯಪ್ರದೇಶದ ರಾಜಧಾನಿ ನಾಗಪುರದಿಂದ ಭೋಪಾಳಕ್ಕೆ ಹೋದ ವರ್ಷ ಅದು. ದೊಡ್ಡ ಸಾಹೇಬರ ಬಂಗಲೆಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಮುಂದಿನ ಗೇಟಿನ ಹೊರಗೆ ಒಂದು ಲಾರಿ ನಿಂತಿತ್ತು. ಒಳಗಿನಿಂದ ಇಬ್ಬರು ಕೂಲಿಗಳು ಉದ್ದನೆಯ ಸೋಫಾ ಒಂದನ್ನು ತಲೆಕೆಳಗಾಗಿ ಹೊತ್ತು ತರುತ್ತಿದ್ದರು. ಅವರ ತಲೆಯೂ ಹೆಗಲೂ ಅದರೊಳಗೆ ಮುಚ್ಚಿಹೋಗಿದ್ದವು. ಕಾಣುತ್ತಿದ್ದದ್ದು ಕೆಂಪು ಮಖಮಲ್ಲಿನ ಒಂದು ಹೊಟ್ಟೆ, ಆಕಾಶಕ್ಕೆ ಎತ್ತಿದ ನಾಲ್ಕು ಗಿಡ್ಡ ಕಾಲು, ನೆಲದ ಮೇಲೆ ನಾಲ್ಕು ಬರಿಗಾಲು. ಮುಂದಿನವನು ಲಾರಿಯ ಕಡೆ ಎಳೆದ. ಹಿಂದಿನವನು ಕಣ್ಣು ಕಾಣದೆ ಗೇಟಿನ ಕಂಬದ ಕಡೆ ಹೋದ. ಆ ಪ್ರಾಣಿ ನಡುರಸ್ತೆಯಲ್ಲಿ ಎತ್ತ ಹೋಗಬೇಕೆಂದು ತಿಳಿಯದೆ ಓಲಾಡಿತು. ಆಮೇಲೆ ಒಂದು ಸುತ್ತು ಸುತ್ತಿ, ತನ್ನಷ್ಟಕ್ಕೆ ತಾನೇ ಬೈದುಕೊಂಡು, ಲಾರಿಯ ಹತ್ತಿರ ಹೋಗಿ ಮಂಡಿಯೂರಿತು.

ರುದ್ರಪ್ಪ ನಕ್ಕ. ಗಟ್ಟಿಯಾಗಿ, ಹೊಟ್ಟೆಯಿಂದ ಬಂದ ನಗು. ನಗುತ್ತಲೇ ಹಿಂದಕ್ಕೆ ತಿರುಗಿದ. ಅವಳು ಯಾವಾಗಲೂ ಅವನಿಗಿಂತ ತುಸು ಹಿಂದೆ ನಡೆಯುತ್ತಿದ್ದಳು.

"ನೀಲಾ, ಇಲ್ಲೆ ನೋಡ..."

ಹಿಂದೆ ರಸ್ತೆಯಿತ್ತು. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ, ಅವನನ್ನು ಬಳಸಿಕೊಂಡು ಹೋದ.

ರಸ್ತೆಯ ಬದಿಗೆ ಮೋರಿಯ ಮೇಲೆ ಸಿಮೆಂಟಿನ ಕಟ್ಟೆಯೊಂದಿತ್ತು. ರುದ್ರಪ್ಪ ಅಲ್ಲಿ ಹೋಗಿ ಕುಳಿತ. ಚೀಲ ಕಾಲ ಬಳಿ ಉರುಳಿ ಒಂದು ಹೀರೆಕಾಯಿ ಹೊರಗೆ ಬಿತ್ತು, ಅದನ್ನು ಅವನು ಗಮನಿಸಲಿಲ್ಲ. ಮುಖ ಮುಚ್ಚಿಕೊಂಡಾಗ ಅವನ ಹೆಗಲು ಅಲುಗುತ್ತಿದ್ದುದನ್ನು ಕಂಡು ಲಾರಿಯ ಹತ್ತಿರದ ಕೂಲಿಯೊಬ್ಬ ಬೀಡಿಯನ್ನು ಬೆನ್ನ ಹಿಂದೆ ಹಿಡಿದು ನಿಂತ. ಆಮೇಲೆ ಅವರು ಹತ್ತಿಕೊಂಡರು, ಲಾರಿ ಹೊರಟುಹೋಯಿತು.

ಬಹಳ ಹೊತ್ತಿನ ಮೇಲೆ ರುದ್ರಪ್ಪ ಕೋಟಿನ ಜೇಬಿಗೆ ಕೈ ಹಾಕಿದ. ಶಾಲೆಯ ಸೀಮೆಸುಣ್ಣದ ತುಂಡೊಂದು ಸಿಕ್ಕಿತು. ಪಕ್ಕದ ಸಿಮೆಂಟಿನ ಮೇಲಿನ ಧೂಳನ್ನು ಅಂಗೈಯಿಂದ ಸರಿಸಿ ಬರೆಯತೊಡಗಿದ. ಮೊದಲು ಹೊಟ್ಟೆ, ಮೇಲಿನ ಕಾಲುಗಳು. ಕೆಳಗಿನ ಕಾಲುಗಳು ಸರಿಬರಲಿಲ್ಲ. ಒರೆಸಿ, ಒಂದು ಪಾದವನ್ನು ಹೊರಗೆ ತಿರುಗಿಸಿ ಮತ್ತೆ ಬರೆದ. ಈಗ ಅದು ಓಲಾಡಿತು.

ಬಿಸಿಲು ರಸ್ತೆ ದಾಟಿ ಆಚೆ ಬದಿಯ ಕಾಂಪೌಂಡಿನ ಮೇಲೆ ಹತ್ತಿತು. ಖಾಲಿ ಬಂಗಲೆಯ ಮಾಲಿ ಬಂದು ಗೇಟಿಗೆ ಸರಪಳಿ ಹಾಕಿಕೊಂಡು ಹೋದ. ರುದ್ರಪ್ಪ ಏಳಲಿಲ್ಲ. ಧೋತರ ಎಳೆದುಕೊಂಡು, ಚಿತ್ರದ ಹತ್ತಿರ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು, ಕಟ್ಟೆಯ ಮೇಲೆ ಸ್ವಲ್ಪ ಆಚೆಗೆ ಸರಿದು ಕುಳಿತ.